ಬಾಗಿಲು ಎಷ್ಟು ಇಂಚು ಅಂತ ಹೇಳ್ಬಿಡಿ ಸಾಕು: ಅಂಡಮಾನ್ ಪ್ಯಾಕೇಜ್ ಮಾರೋರಿಗೆ, ಹೋಟೆಲ್‌ನೋರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರಲ್ಲಿ ಕೂತು ಅಂಡಮಾನ್ ಪ್ಯಾಕೇಜ್ ಮಾರೋ ಟ್ರಾವೆಲ್ಸ್‌ನೋರಿಗೆ, ಅಲ್ಲಿ ಹೋಟೆಲ್ ನಡೆಸೋರಿಗೆ, ರೂಮ್ ಬುಕ್ ಮಾಡೋ ಆಪ್‌ಗಳ ಆಫೀಸಲ್ಲಿ ಕೆಲಸ ಮಾಡೋ ನಮ್ಮ ಕನ್ನಡದ ಹುಡುಗ್ರಿಗೆ, ಹಾಗೇ ಟೂರಿಸಂ ಇಲಾಖೆಯೋರಿಗೂ ಸೇರಿಸಿ ಒಂದೇ ಪತ್ರ ಬರೀತಿದೀನಿ, ಬೇರೆಬೇರೆ ಬರೆಯೋಕೆ ತಾಳ್ಮೆ ಇಲ್ಲ.

ನಾನು ಸಾಗರದ ಕಡೆಯವನು. 2011ರಲ್ಲಿ ಕೊನೆ (ಅಡಿಕೆ ಗೊಂಚಲು) ತೆಗೆಯೋಕೆ ಹತ್ತಿದ ಅಡಿಕೆ ಮರದಿಂದ ಬಿದ್ದೆ, ಬೆನ್ನುಹುರಿಗೆ ಪೆಟ್ಟಾಯ್ತು, ಸೊಂಟದಿಂದ ಕೆಳಗೆ ಏನೂ ಗೊತ್ತಾಗಲ್ಲ. ಮಲೆನಾಡಲ್ಲಿ ನನ್ನಂಥೋರು ಊರಿಗೊಬ್ರು ಸಿಗ್ತಾರೆ, ಹಾಗಾಗಿ ಇದ್ರಲ್ಲಿ ಹೊಸ ಕಥೆ ಏನಿಲ್ಲ. ಮನೇಲಿ ಕೂತು ನಾಲ್ಕೈದು ಅಂಗಡಿಗಳ ಅಕೌಂಟ್ಸ್ ಬರೀತೀನಿ. ವೀಲ್‌ಚೇರ್‌ನ ಅಗಲ ಇಪ್ಪತ್ತೈದೂವರೆ ಇಂಚು. ಈ ಇಪ್ಪತ್ತೈದೂವರೆ ನೆನಪಿಟ್ಕೊಳ್ಳಿ, ಪತ್ರದ ತುಂಬಾ ಅದೇ ಬರುತ್ತೆ.

ಮಗಳು ಪಿಯುಸಿ ಮುಗಿಸಿದ್ಮೇಲೆ ನೀಲಿ ನೀರಿನ ಸಮುದ್ರ ನೋಡ್ಬೇಕು ಅಂದ್ಲು. ಹೊನ್ನಾವರದ ಸಮುದ್ರ ಸಮುದ್ರ ಅಲ್ವೇನೆ ಅಂದೆ, ಅದು ಬೂದಿ ಬಣ್ಣ ಅಪ್ಪ ಅಂದ್ಲು. ಸರಿ, ಬೆಂಗಳೂರಿಂದ ನೇರ ಫ್ಲೈಟ್ ಇದೆ, ಹತ್ತಿರ ಹತ್ತಿರ ಮೂರು ಗಂಟೆ, ಹೋಗೋಣ ಅಂತ ಆಯ್ತು. ಟಿಕೆಟ್ ಬುಕ್ ಮಾಡೋದು, 48 ಗಂಟೆ ಮೊದ್ಲೇ ವೀಲ್‌ಚೇರ್ ಅಸಿಸ್ಟೆನ್ಸ್ ಬೇಕು ಅಂತ ತಿಳಿಸೋದು, ಅದೆಲ್ಲ ಒಂದು ಮಧ್ಯಾಹ್ನದ ಕೆಲಸ. ವಿಮಾನದ್ದು ಏನೂ ದೂರಿಲ್ಲ ನನಗೆ.

ಹೋಟೆಲ್ ಹುಡುಕೋಕೆ ಹಿಡಿದಿದ್ದು ಹನ್ನೊಂದು ದಿನ.

ಮೊದ್ಲು ಆಪಲ್ಲಿ ಹುಡುಕಿದೆ. ಫಿಲ್ಟರಲ್ಲಿ ವೀಲ್‌ಚೇರ್ ಚಿತ್ರದ ಮೇಲೆ ಟಿಕ್ ಹಾಕಿದ್ರೆ ಪೋರ್ಟ್ ಬ್ಲೇರಲ್ಲಿ (2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು, ಆದ್ರೆ ಟ್ರಾವೆಲ್ಸ್‌ನೋರ ಬಾಯಲ್ಲಿ ಇನ್ನೂ ಪೋರ್ಟ್ ಬ್ಲೇರೇ) ಒಂದಿಷ್ಟು ಹೋಟೆಲ್ ಬಂದ್ವು, ಖುಷಿ ಆಯ್ತು. ಸುಮ್ನೆ ಒಂದಕ್ಕೆ ಫೋನ್ ಮಾಡಿ ನೋಡೋಣ ಅಂತ ಮಾಡಿದ್ರೆ ಆ ಹುಡುಗ, ‘ಹಾಂ ಸರ್, ಲಿಫ್ಟ್ ಇದೆ’ ಅಂದ. ಲಿಫ್ಟ್ ತನಕ ಬರೋಕೆ ಮೆಟ್ಟಿಲು ಇದೆಯಾ ಅಂದೆ. ‘ಜಾಸ್ತಿ ಏನಿಲ್ಲ ಸರ್, ಎರಡು ಮೂರು.’ ಎರಡಾ ಮೂರಾ? ‘ಒಂದ್ನಿಮಿಷ ಸರ್’ ಅಂತ ಎದ್ದು ಹೋಗಿ ಎಣಿಸಿ ಬಂದ, ಪಾಪ. ‘ಸರ್, ಏಳು.’

ಹೀಗೆ ಹದಿನಾಲ್ಕು ಹೋಟೆಲ್‌ಗೆ ಫೋನ್ ಮಾಡಿದೆ. ಅರ್ಧ ಜನ ಲಿಫ್ಟ್ ಇದ್ರೆ ವೀಲ್‌ಚೇರ್ ಹೋಟೆಲ್ ಅಂತ ತಿಳ್ಕೊಂಡಿದಾರೆ, ಇನ್ನರ್ಧ ಜನರಿಗೆ ರಿಸೆಪ್ಷನ್ ಪಕ್ಕ ಮಡಚಿಟ್ಟಿರೋ ಒಂದು ವೀಲ್‌ಚೇರ್ ಇದ್ರೆ ಮುಗೀತು. ಇಬ್ರು ಮಾತ್ರ ‘ಇಲ್ಲ ಸರ್, ನಿಮಗೆ ಕಷ್ಟ ಆಗುತ್ತೆ’ ಅಂತ ನೇರವಾಗಿ ಹೇಳಿದ್ರು, ಅವರ ಮೇಲೆ ನನಗೆ ಗೌರವ ಇದೆ. ಉಳಿದ ಹನ್ನೆರಡು ಜನರೂ ಒಂದಲ್ಲ ಒಂದು ಹಂತದಲ್ಲಿ ಒಂದೇ ಮಾತು ಹೇಳಿದ್ರು: ‘ಟೆನ್ಷನ್ ಮಾಡ್ಕೋಬೇಡಿ ಸರ್, ನಮ್ಮ ಹುಡುಗ್ರಿದಾರೆ, ಎತ್ಕೊಂಡು ಹೋಗ್ತಾರೆ.’ ನಮ್ಮೂರಿನ ಪ್ಯಾಕೇಜ್‌ನೋರೂ ಅದನ್ನೇ ಹೇಳಿದ್ರು, ಜೊತೆಗೆ ‘ಅಡ್ಜಸ್ಟ್ ಮಾಡ್ಕೋಬಹುದು ಅಣ್ಣಾ’ ಅಂತ ಒಂದು ಒಗ್ಗರಣೆ.

ಈ ಎತ್ಕೊಂಡು ಹೋಗೋ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವು ಒಳ್ಳೆ ಮನಸ್ಸಿಂದಾನೇ ಹೇಳ್ತೀರಿ ಅಂತ ನನಗೂ ಗೊತ್ತು. ನಾನು ಎಪ್ಪತ್ತೆರಡು ಕೆಜಿ, ಚೇರ್ ಹದಿನೆಂಟು ಕೆಜಿ. ಅಡಿಕೆ ಮೂಟೆ ಎತ್ತಿ ಗೊತ್ತಿರೋರಿಗೆ ತೊಂಬತ್ತು ಕೆಜಿ ಅಂದ್ರೇನು ಅಂತ ಗೊತ್ತು, ಆದ್ರೆ ಮೂಟೆಗೆ ಮೂಳೆ ಇರಲ್ಲ, ಯೂರಿನ್ ಬ್ಯಾಗ್ ಇರಲ್ಲ. ನಾಲ್ಕು ಹುಡುಗ್ರು ಬಂದು ಕೈಗೆ ಸಿಕ್ಕಿದ್ದು ಹಿಡ್ಕೋತಾರೆ, ಅಂದ್ರೆ ಕೈ ಇಡೋ ಜಾಗ, ಕಾಲಿಡೋ ಜಾಗ. ಅವೆರಡೂ ಬಿಚ್ಚಿ ತೆಗೆಯೋ ಹಾಗೆ ಮಾಡಿರೋ ಭಾಗಗಳು ಸ್ವಾಮಿ, ಎತ್ತಿದ ತಕ್ಷಣ ಕಿತ್ಕೊಂಡು ಕೈಗೆ ಬರುತ್ತೆ. ಒಂದು ಮದುವೆ ಛತ್ರದಲ್ಲಿ ಹಾಗೇ ಆಗಿ ಮೂರನೇ ಮೆಟ್ಟಿಲಿಂದ ಹಿಂದಕ್ಕೆ ಬಿದ್ದಿದೀನಿ, ಕಾಲು ಮುರಿದಿದ್ದು ನನಗೆ ಎರಡು ದಿನ ಗೊತ್ತೇ ಆಗ್ಲಿಲ್ಲ, ಊದಿದ್ಮೇಲೆ ಗೊತ್ತಾಗಿದ್ದು. ಅದೂ ಬಿಡಿ. ರಾತ್ರಿ ಹತ್ತಕ್ಕೆ ಹೊರಗೆ ಗಾಳಿ ತಗೊಳ್ಳೋಣ ಅನ್ಸಿದ್ರೆ ನಾಲ್ಕು ಹುಡುಗ್ರನ್ನ ಕರೆಸ್ಬೇಕಾ? ಬೆಳಿಗ್ಗೆ ಟೀ ಕುಡಿಯೋಕೆ ಕರೆಸ್ಬೇಕಾ? ಎರಡನೇ ಸಲ ಕರೆಯುವಾಗ್ಲೇ ಮುಜುಗರ ಆಗುತ್ತೆ, ಮೂರನೇ ಸಲಕ್ಕೆ ರೂಮಲ್ಲೇ ಕೂತ್ಬಿಡ್ತೀವಿ, ಟಿವಿ ನೋಡ್ತೀವಿ. ಟಿವಿ ಸಾಗರದಲ್ಲೂ ಇತ್ತು.

ಗುಡ್ಡದ ಊರುಗಳಲ್ಲಿ ಇನ್ನೊಂದು ತಮಾಷೆ ಇದೆ, ಬಯಲುಸೀಮೆಯೋರಿಗೆ ಅಷ್ಟಾಗಿ ಗೊತ್ತಿರಲ್ಲ. ಪೋರ್ಟ್ ಬ್ಲೇರ್ ಅಂದ್ರೆ ಪೂರ್ತಿ ಏರಿಳಿತ, ಮಡಿಕೇರಿ ಪೇಟೆಗೆ ಸುತ್ತ ಸಮುದ್ರ ಇಟ್ಟ ಹಾಗೆ. ನಾನು ಜಾಣ ಅಂದ್ಕೊಂಡು ಗ್ರೌಂಡ್ ಫ್ಲೋರ್ ರೂಮೇ ಬೇಕು ಅಂತ ಮೂರು ಮೂರು ಸಲ ಹೇಳಿ, ಬರೆಸಿ, ದುಡ್ಡು ಕಟ್ಟಿದ್ದೆ. ಅಲ್ಲಿಗೆ ಹೋಗಿ ನೋಡಿದ್ರೆ ಹೋಟೆಲ್ ಇಳಿಜಾರಲ್ಲಿದೆ, ರಸ್ತೆ ಇರೋದು ಮೇಲೆ, ರಿಸೆಪ್ಷನ್ ರಸ್ತೆ ಮಟ್ಟದಲ್ಲಿ, ಅಲ್ಲಿಂದ ಕಟ್ಟಡ ಕೆಳಕ್ಕೆ ಇಳೀತಾ ಹೋಗುತ್ತೆ. ನನಗೆ ಕೊಟ್ಟಿದ್ದ ಗ್ರೌಂಡ್ ಫ್ಲೋರ್ ರಸ್ತೆಯಿಂದ ಎರಡು ಮಹಡಿ ಕೆಳಗೆ! ಅವರು ಸುಳ್ಳು ಹೇಳಿಲ್ಲ, ಅದು ನಿಜವಾಗ್ಲೂ ನೆಲಕ್ಕೆ ತಾಗಿರೋ ಫ್ಲೋರೇ. ಲಿಫ್ಟ್ ರಿಸೆಪ್ಷನ್‌ನಿಂದ ಮೇಲಕ್ಕೆ ಮಾತ್ರ. ನನ್ನ ಹೆಂಡ್ತಿ ನಗೋಕೆ ಶುರು ಮಾಡಿದೋಳು ನಿಲ್ಲಿಸ್ಲಿಲ್ಲ, ಮ್ಯಾನೇಜರಿಗೆ ಪಾಪ ಯಾಕೆ ನಗ್ತಿದಾರೆ ಅಂತ ಅರ್ಥ ಆಗ್ಲಿಲ್ಲ.

‘ಬೀಚಿಗೆ ಐದು ನಿಮಿಷದ ನಡಿಗೆ’ ಅನ್ನೋದೂ ಹಾಗೇ. ಮ್ಯಾಪಲ್ಲಿ ನಾನೂರು ಮೀಟರ್ ಅಂತ ತೋರಿಸುತ್ತೆ, ಅದು ಮಟ್ಟಸ ರಸ್ತೆಯಾ, ಬೆಟ್ಟ ಇಳಿಯೋದಾ ಅಂತ ಹೇಳಲ್ಲ. ಇಳಿಯೋದು ನಿಮಗೆ ಐದು ನಿಮಿಷ ಇರಬಹುದು, ನನಗೆ ಇಳಿಯುವಾಗ ಚಕ್ರದ ರಿಂಗ್ ಹಿಡಿದೂ ಹಿಡಿದೂ ಅಂಗೈ ಸುಟ್ಟುಹೋಗುತ್ತೆ, ಹತ್ತುವಾಗ ಹೆಂಡ್ತಿಯ ಬೆನ್ನು ಹೋಗುತ್ತೆ.

ಆಮೇಲೆ ಮ್ಯಾನೇಜರ್ರು ಮೇಲಿನ ಮಹಡೀಲಿ ರೂಮ್ ಕೊಟ್ರು. ಬಾತ್‌ರೂಮ್ ಬಾಗಿಲು ಇಪ್ಪತ್ತೆರಡು ಇಂಚು. ಚೇರ್ ಇಪ್ಪತ್ತೈದೂವರೆ. ಒಳಗೆ ನೀರು ರೂಮಿಗೆ ಬರಬಾರದು ಅಂತ ಅರ್ಧ ಅಡಿ ಕಟ್ಟೆ ಬೇರೆ. ಅಲ್ಲಿ ನಾನು ಹೇಗೆ ಮ್ಯಾನೇಜ್ ಮಾಡಿದೆ ಅಂತ ಬರೆಯಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿ, ಹೆಂಡ್ತಿ, ಬಾಗಿಲ ಆಚೆ ಮುಖ ತಿರುಗಿಸಿ ನಿಂತಿರೋ ಮಗಳು, ಇಷ್ಟು ಸಾಕು. ಮಂಚಕ್ಕೆ ಎರಡು ಹಾಸಿಗೆ ಹಾಕಿ ಇಪ್ಪತ್ತೇಳು ಇಂಚು ಎತ್ತರ ಮಾಡಿದ್ರು, ಐಷಾರಾಮಿಯಾಗಿ ಕಾಣ್ಲಿ ಅಂತ. ನನ್ನ ಚೇರಿನ ಸೀಟು ಇಪ್ಪತ್ತು ಇಂಚು. ಏಳು ಇಂಚು ಮೇಲಕ್ಕೆ ತೋಳಲ್ಲೇ ಜಿಗೀಬೇಕು. ಒಂದು ಹಾಸಿಗೆ ತೆಗೀರಿ ಅಂದ್ರೆ ಹೌಸ್‌ಕೀಪಿಂಗ್‌ನೋರು ನನಗೆ ಹುಚ್ಚು ಹಿಡಿದಿದೆ ಅನ್ನೋ ಹಾಗೆ ನೋಡಿದ್ರು, ಆದ್ರೂ ತೆಗೆದ್ರು.

ಮಾರನೇ ದಿನ ಅದೇ ಊರಲ್ಲಿ ಇನ್ನೊಂದು ಹೋಟೆಲ್‌ಗೆ ಹೋಗಿ ವಿಚಾರಿಸಿದ್ವಿ, ಸ್ವಲ್ಪ ದೊಡ್ಡದು. ‘ಡಿಸೇಬಲ್ಡ್ ರೂಮ್ ಇದೆ ಸರ್, ಒಂದು’ ಅಂದ್ರು. ಇತ್ತು, ನಿಜ. ಅಗಲವಾದ ಬಾಗಿಲು, ಕಮೋಡ್ ಪಕ್ಕ ಸ್ಟೀಲ್ ಹಿಡಿಕೆ, ಎಲ್ಲ ಕರೆಕ್ಟಾಗಿತ್ತು, ಆದ್ರೆ ಒಳಗೆ ಎಕ್ಸ್‌ಟ್ರಾ ಹಾಸಿಗೆ, ಮುರಿದ ಕುರ್ಚಿ, ಕ್ರಿಸ್‌ಮಸ್ ಮರದ ಡಬ್ಬ ತುಂಬಿಸಿಟ್ಟಿದ್ರು. ‘ಯಾರೂ ಕೇಳಲ್ಲ ಸರ್, ಅದಕ್ಕೇ’ ಅಂದ್ರು. ಅಲ್ಲಾ ಮಾರಾಯ್ರೆ, ನಿಮ್ಮ ಹೋಟೆಲ್ ಹೆಸರಿನ ಎದುರು ಆ ರೂಮಿನ ಫೋಟೋ ಒಂದೂ ಇಲ್ಲ, ಬಾಗಿಲಲ್ಲಿ ಮೂರು ಮೆಟ್ಟಿಲು, ಕೇಳೋರು ಒಳಗೆ ಬರೋದು ಹೇಗೆ? ಅಲ್ಲಿ ರ‍್ಯಾಂಪ್ ಅಂತ ಒಂದಿತ್ತು, ಮೂರು ಮೆಟ್ಟಿಲ ಮೇಲೆ ಐದಡಿ ಉದ್ದದ ತಗಡು ಇಟ್ಟಿದ್ರು. ಲೆಕ್ಕ ಹೇಳ್ತೀನಿ ಕೇಳಿ, ಅಕೌಂಟ್ಸ್‌ನೋನಲ್ವಾ ನಾನು. ಒಂದು ಇಂಚು ಏರೋಕೆ ಹನ್ನೆರಡು ಇಂಚು ಉದ್ದ ಬೇಕು, ಸರ್ಕಾರದ ಮಾರ್ಗಸೂಚೀಲಿ 1:12 ಅಂತ ಇರೋದು ಅದೇ. ಒಂದು ಮೆಟ್ಟಿಲು ಆರು ಇಂಚು ಅಂದ್ರೆ ಆರಡಿ ರ‍್ಯಾಂಪ್, ಮೂರು ಮೆಟ್ಟಿಲಿಗೆ ಹದಿನೆಂಟಡಿ. ಐದಡೀಲಿ ಮುಗಿಸಿದ್ರೆ ಅದು ಮಕ್ಕಳ ಪಾರ್ಕಿನ ಜಾರುಬಂಡಿ. ಲಗೇಜ್ ಟ್ರಾಲಿ ತಳ್ಳೋಕೆ ಮಾಡಿರೋದನ್ನ ನಮ್ಮ ಹೆಸರಲ್ಲಿ ತೋರಿಸ್ಬೇಡಿ.

ಈಗ ಕಾನೂನಿನ ವಿಷ್ಯ, ಬೇಗ ಹೇಳಿ ಮುಗಿಸ್ತೀನಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪ್ರಕಾರ ಜನ ಬಂದು ಹೋಗೋ ಕಟ್ಟಡ ಖಾಸಗಿ ಆಗಿದ್ರೂ ಸಾರ್ವಜನಿಕ ಕಟ್ಟಡಾನೇ, ವ್ಯಾಪಾರದ್ದೂ ಸೇರಿ, ವಿಹಾರದ್ದೂ ಸೇರಿ. ನಿಯಮ ಬಂದಿದ್ದು 2017ರ ಜೂನಲ್ಲಿ, ಹಳೇ ಕಟ್ಟಡ ಸರಿಮಾಡ್ಕೊಳ್ಳೋಕೆ ಐದು ವರ್ಷ ಕೊಟ್ಟಿದ್ರು, ಅದು 2022ಕ್ಕೇ ಮುಗೀತು. ಮೊದಲ ಸಲ ತಪ್ಪಿದ್ರೆ ದಂಡ ಹತ್ತು ಸಾವಿರದ ತನಕ, ಆಮೇಲೂ ತಪ್ಪಿದ್ರೆ ಐವತ್ತು ಸಾವಿರದಿಂದ ಐದು ಲಕ್ಷದ ತನಕ. ಸುಪ್ರೀಂ ಕೋರ್ಟು 2024ರ ನವೆಂಬರ್ 8ಕ್ಕೆ ರಾಜೀವ್ ರಾತೂರಿ ಅವರ ಕೇಸಲ್ಲಿ ಆ ನಿಯಮದ 15(1) ಬರೀ ಸಲಹೆ ಥರ ಇದೆ, ಮಾಡ್ಲೇಬೇಕು ಅನ್ನೋ ಥರ ಇಲ್ಲ, ಕಾಯ್ದೆಗೇ ವಿರುದ್ಧ ಅಂತ ಹೇಳಿ, ಕಡ್ಡಾಯದ ನಿಯಮ ಮೂರು ತಿಂಗಳಲ್ಲಿ ಮಾಡಿ ಅಂತ ಕೇಂದ್ರ ಸರ್ಕಾರಕ್ಕೆ ಹೇಳ್ತು. ಅವರು ಆ ಕೇಸು ಹಾಕಿದ್ದು 2005ರಲ್ಲಿ, ಹತ್ತೊಂಬತ್ತು ವರ್ಷ. ನಾನು ರಜೆಗೆ ಹೊರಟೋನು, ಕೋರ್ಟಿಗಲ್ಲ, ನನಗೆ ಅಷ್ಟು ವರ್ಷ ಕಾಯೋ ಉಮೇದಿಲ್ಲ. ಅದಕ್ಕೇ ಇವತ್ತೇ ಮಾಡಬಹುದಾದ ಒಂದು ಕೆಲಸ ಕೇಳ್ತಿದೀನಿ.

ಅದು ಹೇಳೋಕೆ ಮೊದ್ಲು ಶಹೀದ್ ದ್ವೀಪದ ಅಕ್ಕನ ಬಗ್ಗೆ ಹೇಳ್ಬೇಕು.

ಎಲ್ರೂ ಹೋಗೋದು ಸ್ವರಾಜ್ ದ್ವೀಪಕ್ಕೆ, ಹಿಂದೆ ಹ್ಯಾವ್‌ಲಾಕ್ ಅಂತಿದ್ದಿದ್ದು. ಅದರ ಪಕ್ಕದ ಚಿಕ್ಕ ದ್ವೀಪ ನೀಲ್, 2018ರಿಂದ ಶಹೀದ್ ದ್ವೀಪ. ಅದು ಹೆಚ್ಚುಕಮ್ಮಿ ಮಟ್ಟಸವಾಗಿದೆ, ತರಕಾರಿ ಬೆಳೆಯೋ ಊರು, ಅಲ್ಲಿಂದಾನೇ ಪೋರ್ಟ್ ಬ್ಲೇರಿಗೆ ತರಕಾರಿ ಹೋಗುತ್ತೆ. ಬೆಟ್ಟದ ದ್ವೀಪಗಳ ನಡುವೆ ಮಟ್ಟಸವಾಗಿರೋ ದ್ವೀಪ ಇದೆ ಅಂತ ನನಗೆ ಯಾವ ಪ್ಯಾಕೇಜ್‌ನೋರೂ ಹೇಳ್ಲಿಲ್ಲ, ‘ಅಲ್ಲಿ ನೋಡೋಕೆ ಜಾಸ್ತಿ ಏನಿಲ್ಲ ಅಣ್ಣಾ, ಅರ್ಧ ದಿನ ಸಾಕು’ ಅಂತ ಮಾತ್ರ ಹೇಳಿದ್ರು. ಅಲ್ಲಿ ಒಂದು ಸಣ್ಣ ಜಾಗಕ್ಕೆ ಫೋನ್ ಮಾಡಿದೆ, ಐದಾರು ಕಾಟೇಜ್ ಅಷ್ಟೇ, ಆಪಲ್ಲಿ ವೀಲ್‌ಚೇರ್ ಟಿಕ್ಕೂ ಇರ್ಲಿಲ್ಲ. ಎತ್ತಿದ್ದು ಒಬ್ರು ಬಂಗಾಳಿ ಹೆಂಗಸು, ನನ್ನ ಹಿಂದಿ ಸಾಗರದ್ದು, ಅವರ ಹಿಂದಿ ಬಂಗಾಳದ್ದು, ಹೇಗೋ ಮಾತು ನಡೀತು. ಅವರು ಹೇಳಿದ್ದು, ‘ದಾದಾ, ನಮ್ಮಲ್ಲಿ ಏನೂ ಸೌಲಭ್ಯ ಇಲ್ಲ, ಆದ್ರೆ ತಡೀರಿ, ಅಳೆದು ಹೇಳ್ತೀನಿ.’ ಅರ್ಧ ಗಂಟೆಗೆ ವಾಟ್ಸಾಪಲ್ಲಿ ಎಂಟು ಫೋಟೋ. ಬಟ್ಟೆ ಹೊಲಿಯೋ ಹಳದಿ ಟೇಪ್ ಇರುತ್ತಲ್ಲ, ಅದನ್ನ ಬಾಗಿಲಿಗೆ ಅಡ್ಡ ಹಿಡಿದು ಫೋಟೋ, ಹೊಸಿಲಿಗೆ ಹಿಡಿದು ಫೋಟೋ, ಮಂಚದ ಎತ್ತರ, ಕಮೋಡಿನ ಎತ್ತರ, ಬಾತ್‌ರೂಮಿನ ಒಳಗೆ ಮೂಲೆಯಿಂದ ಮೂಲೆಗೆ. ಬಾತ್‌ರೂಮ್ ಬಾಗಿಲು ಇಪ್ಪತ್ತೆಂಟು. ಒಂದೇ ಮೆಟ್ಟಿಲು, ನಾಲ್ಕು ಇಂಚು.

ಆ ಫೋಟೋ ನೋಡಿ ನನ್ನ ಹೆಂಡ್ತಿ ಅಲ್ಲೇ ಅಡುಗೆಮನೇಲಿ ಕೂತ್ಬಿಟ್ಲು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಹೊರಡೋಕೆ ಮುಂಚೇನೇ ನಮಗೆ ಎಲ್ಲ ಗೊತ್ತಿತ್ತು. ಏನು ಕಷ್ಟ ಆಗುತ್ತೆ ಅಂತಾನೂ ಗೊತ್ತಿತ್ತು, ಅದಕ್ಕೆ ಏನು ಮಾಡ್ಬೇಕು ಅಂತಾನೂ.

ನಾವು ಹೋಗೋ ಹೊತ್ತಿಗೆ ಅವರು ಒಂದು ಹಲಗೆ ತಂದು ಆ ಮೆಟ್ಟಿಲಿಗೆ ಇಟ್ಟಿದ್ರು, ನಾಲ್ಕಡಿ ಉದ್ದ, ಲೆಕ್ಕ ಸರಿಯಾಗಿತ್ತು. ಯಾರು ಹೇಳ್ಕೊಟ್ರು ಅಂದೆ, ಮಾವನೋರಿಗೆ ಪಾರ್ಶ್ವವಾಯು ಆಗಿತ್ತಂತೆ. ಮೂರು ದಿನ ಇದ್ವಿ. ಬೆಳಿಗ್ಗೆ ಐದೂವರೆಗೆಲ್ಲ ಬೆಳಕು ಬಂದ್ಬಿಡುತ್ತೆ ಅಲ್ಲಿ, ನಾನು ಯಾರನ್ನೂ ಎಬ್ಬಿಸದೆ ಒಬ್ನೇ ಹಲಗೆ ಇಳಿದು, ರಸ್ತೇಲಿ ಚೇರ್ ತಳ್ಕೊಂಡು ಹೋಗಿ ಟೀ ಕುಡಿದು ಬರ್ತಿದ್ದೆ. ದಾರೀಲಿ ಅಡಿಕೆ ತೋಟ ಬೇರೆ, ಅಲ್ಲೂ ಬೆಳೀತಾರೆ. ನಿಂತು ಎಲ್ಲ ಮರದ ತುದಿ ನೋಡಿದೆ, ಕೊನೆ ಚೆನ್ನಾಗಿ ಬಂದಿತ್ತು. ಭರತ್‌ಪುರ ಬೀಚಲ್ಲಿ ಮರಳು ಶುರುವಾಗೋ ತನಕ ಹೋದೆ, ಅಲ್ಲಿಂದ ಮುಂದೆ ಚಕ್ರ ಹೂತ್ಕೊಳ್ಳುತ್ತೆ, ಮಗಳು ನೀಲಿ ನೀರನ್ನ ಬಾಟ್ಲಲ್ಲಿ ತಂದು ಕಾಲ ಮೇಲೆ ಸುರಿದ್ಲು. ನನಗೆ ಗೊತ್ತಾಗಲ್ಲ ಕಣೇ ಅಂದೆ, ನೋಡೋಕೆ ಆಗುತ್ತಲ್ವಾ ಅಂದ್ಲು. ಬಾಟ್ಲಲ್ಲಿ ನೀರು ನೀಲಿ ಇರ್ಲಿಲ್ಲ ಅನ್ನೋದು ಬೇರೆ ವಿಷ್ಯ.

(ದೋಣಿ ಬಗ್ಗೆ ಒಂದು ಮಾತು. ಜೆಟ್ಟಿಯಿಂದ ದೋಣಿಗೆ ಹಾಕೋ ಹಲಗೆ ಸಮುದ್ರದ ಉಬ್ಬರ ಇಳಿತಕ್ಕೆ ತಕ್ಕ ಹಾಗೆ ಒಮ್ಮೆ ಮಟ್ಟಸ ಇರುತ್ತೆ, ಒಮ್ಮೆ ಗೋಡೆ ಥರ ಇರುತ್ತೆ. ಯಾವ ಟ್ರಿಪ್ಪಿಗೆ ಮಟ್ಟಸ ಇರುತ್ತೆ ಅಂತ ಟಿಕೆಟ್ ಮಾರೋರಿಗೆ ಗೊತ್ತಿಲ್ಲ, ಹಗ್ಗ ಕಟ್ಟೋ ಹುಡುಗನಿಗೆ ಗೊತ್ತು. ಉಬ್ಬರದ ಟೈಮು ಮೊದ್ಲೇ ಲೆಕ್ಕ ಹಾಕಿಟ್ಟಿರ್ತಾರೆ, ಅದನ್ನ ಟಿಕೆಟ್ ಪಕ್ಕ ಬರೆದ್ರೆ ನಮ್ಮಂಥೋರು ನೋಡಿ ಬುಕ್ ಮಾಡ್ತೀವಿ.)

ಈಗ ನನ್ನ ಬೇಡಿಕೆ. ಹೋಟೆಲ್‌ನೋರೇ, ಕಟ್ಟಡ ಒಡೀರಿ ಅಂತ ಇವತ್ತು ಕೇಳ್ತಿಲ್ಲ, ಅದನ್ನ ಕಾನೂನು ಕೇಳುತ್ತೆ. ಒಂದು ಟೇಪ್ ತಗೊಳ್ಳಿ. ಕಾರು ನಿಲ್ಲೋ ಜಾಗದಿಂದ ಮಂಚದ ತನಕ ನಡೀರಿ, ದಾರೀಲಿ ಸಿಗೋ ಪ್ರತಿ ಮೆಟ್ಟಿಲು ಎಣಿಸಿ, ಪ್ರತಿ ಬಾಗಿಲು ಅಳೀರಿ, ಬಾಗಿಲು ಅಂದ್ರೆ ಚೌಕಟ್ಟಿನ ಅಳತೆ ಅಲ್ಲ, ತೆರೆದಾಗ ಸಿಗೋ ಜಾಗ. ರಸ್ತೆ ಮಟ್ಟದಿಂದ ರೂಮ್ ಎಷ್ಟು ಮೇಲಿದೆ ಇಲ್ಲಾ ಕೆಳಗಿದೆ ಅಂತ ಬರೀರಿ, ಗ್ರೌಂಡ್ ಫ್ಲೋರ್ ಅಂತ ಬರೀಬೇಡಿ ದಯವಿಟ್ಟು. ಬಾತ್‌ರೂಮಿನ ಕಟ್ಟೆ, ಒಳಗೆ ಚೇರ್ ತಿರುಗೋಕೆ ಜಾಗ (ಐದಡಿ ಸುತ್ತಳತೆ ಅಂತ ತಿಳ್ಕೊಂಡು ಹಗ್ಗ ಹಿಡಿಯೋಕೆ ಹೋಗ್ಬೇಡಿ, ಈ ಗೋಡೆಯಿಂದ ಆ ಗೋಡೆಗೆ ಐದಡಿ), ಮಂಚ, ಕಮೋಡು. ಟೇಪ್ ಕಾಣೋ ಹಾಗೆ ಫೋಟೋ. ಹೊರಗೆ ರಸ್ತೆ ಎಷ್ಟು ಇಳಿಜಾರು ಅಂತ ಪಕ್ಕದಿಂದ ಒಂದು ಫೋಟೋ. ಒಂದು ಗಂಟೆ ಕೆಲಸ. ಅಳತೆ ಕೆಟ್ಟದಾಗಿ ಬಂದ್ರೂ ಹಾಕಿ, ಇಪ್ಪತ್ತೆರಡು ಅಂತಾನೇ ಹಾಕಿ. ಇಪ್ಪತ್ತೊಂದು ಇಂಚಿನ ಚೇರಿನೋರೂ ಇದಾರೆ, ನಾಲ್ಕು ಹೆಜ್ಜೆ ನಡೆಯೋಕಾಗೋ ವಯಸ್ಸಾದೋರೂ ಇದಾರೆ, ಅವರವರ ಲೆಕ್ಕ ಅವರು ಹಾಕ್ಕೋತಾರೆ. ಆ ಒಂದು ಸ್ಪೆಷಲ್ ರೂಮಿಂದ ಕ್ರಿಸ್‌ಮಸ್ ಮರ ತೆಗೀರಿ.

ಆಪ್‌ನ ಹುಡುಗ್ರೇ, ಆ ಟಿಕ್ ಬೇಡ, ತೆಗೆದ್ಹಾಕಿ. ಅದರ ಜಾಗದಲ್ಲಿ ನಂಬರ್ ಹಾಕೋ ಖಾನೆ ಕೊಡಿ, ಖಾಲಿ ಬಿಟ್ರೆ ಖಾಲಿ ಅಂತಾನೇ ಕಾಣ್ಲಿ. ಹೋಗಿ ಬಂದೋರು ‘ಅಳತೆ ಸರಿ ಇತ್ತು’, ‘ಇರ್ಲಿಲ್ಲ’ ಅಂತ ಒತ್ತೋಕೆ ಒಂದು ಬಟನ್. ಸ್ವಿಮ್ಮಿಂಗ್ ಪೂಲಿಗೆ ಇಪ್ಪತ್ತು ಫೋಟೋ ಹಾಕಿಸ್ತೀರಿ, ಬಾತ್‌ರೂಮ್ ಬಾಗಿಲಿಗೆ ಒಂದು ಕಡ್ಡಾಯ ಮಾಡೋಕೆ ಆಗಲ್ವಾ?

ಇಲಾಖೆಯೋರೇ, ಸ್ವರಾಜ್ ದ್ವೀಪದ ರಾಧಾನಗರ ಬೀಚಿಗೂ ನಮ್ಮ ಕಾಸರಕೋಡು, ಪಡುಬಿದ್ರಿಗೂ 2020ರಲ್ಲಿ ಒಟ್ಟಿಗೇ ಬ್ಲೂ ಫ್ಲ್ಯಾಗ್ (ಚೊಕ್ಕಟವಾಗಿರೋ ಬೀಚಿಗೆ ಹೊರದೇಶದ ಸಂಸ್ಥೆ ಕೊಡೋ ಮಾನ್ಯತೆ) ಬಂತು, ಆ ಬಾವುಟದ ಷರತ್ತುಗಳಲ್ಲಿ ವಿಕಲಚೇತನರಿಗೆ ಸೌಲಭ್ಯ ಅನ್ನೋದೂ ಇದೆ. ಬೀಚಿಗೆ ಯಾರೋ ಹೊರದೇಶದೋರು ಬಂದು ಅಳೆದು ನೋಡ್ತಾರೆ ಅಂದ್ರೆ ಮಾಡ್ತೀರಿ, ಬೀಚಿನ ಎದುರಿನ ಹೋಟೆಲನ್ನ ನೀವೇ ಅಳೀಬಹುದಲ್ಲ? ಲೈಸೆನ್ಸ್ ರಿನ್ಯೂ ಮಾಡುವಾಗ ಒಂದು ಪುಟದ ಅಳತೆ ಪಟ್ಟಿ ತರಿಸ್ಕೊಳ್ಳಿ, ವೆಬ್‌ಸೈಟಲ್ಲಿ ಹಾಕಿ. ಕೊಡಗು, ಚಿಕ್ಕಮಗಳೂರು, ನಮ್ಮ ಸಾಗರದ ಹೋಂಸ್ಟೇಗಳಿಗೂ ಇದೇ ಮಾತು, ಅಲ್ಲೂ ಜಗಲಿಗೆ ಐದು ಮೆಟ್ಟಿಲು, ಹೊಸಿಲು ಮುಕ್ಕಾಲಡಿ, ಬಾತ್‌ರೂಮ್ ಹಿತ್ತಲಲ್ಲಿ, ನಮ್ಮ ಹಳೇ ಮನೇನೂ ಹಾಗೇ ಇತ್ತು, ನಾನೇ ಅದನ್ನ ಬಿಟ್ಟು ಬಂದೋನು.

ಪ್ಯಾಕೇಜ್ ಮಾರೋ ತಮ್ಮಂದಿರೇ, ನಿಮಗೆ ಕೊನೇದಾಗಿ. ವೀಲ್‌ಚೇರ್ ಅಂತ ಯಾರಾದ್ರೂ ಅಂದ ತಕ್ಷಣ ‘ಆಗುತ್ತೆ ಅಣ್ಣಾ’ ಅನ್ಬೇಡಿ, ‘ಚೇರ್ ಎಷ್ಟು ಇಂಚು ಅಣ್ಣಾ’ ಅಂತ ಕೇಳಿ. ಹಾಗೆ ಕೇಳಿದ ಮೊದಲನೆಯೋರಿಗೆ ನಾನು ದುಡ್ಡು ಕೊಡೋಕೆ ರೆಡಿ, ಸ್ವಲ್ಪ ಜಾಸ್ತಿನೇ ಕೊಡ್ತೀನಿ. ಡಿಸೆಂಬರ್ ರಜೇಲಿ ಮಡಿಕೇರಿಗೆ ಹೋಗೋಣ ಅಂತ ಮನೇಲಿ ಮಾತು ನಡೀತಿದೆ. ಇಪ್ಪತ್ತೆಂಟು ಇಂಚಿನ ಬಾತ್‌ರೂಮ್ ಬಾಗಿಲು ಯಾರ ಹತ್ರ ಇದೆಯೋ ಫೋಟೋ ಕಳ್ಸಿ, ಟೇಪ್ ಕಾಣ್ಬೇಕು.

ಇಂತಿ,
ಇಪ್ಪತ್ತೈದೂವರೆ ಇಂಚಿನ ಒಬ್ಬ ಗಿರಾಕಿ